ತಿದ್ದುವುದೆಂದರೇನು? ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಒಪ್ಪವಾದ ಬರಹ ಮತ್ತು ಒಳ್ಳೆಯ ನಡತೆ

ಕನ್ನಡದ ‘ತಿದ್ದು’ ಎಂಬ ಕ್ರಿಯಾಪದಕ್ಕೆ ಶಾಲೆಯ ಆವರಣದಲ್ಲಿ ಮೂರು ಬಳಕೆಗಳಿವೆ. ಹೊಸದಾಗಿ ಅಕ್ಷರ ಕಲಿಯುವ ಮಗು ಬರೆದುಕೊಟ್ಟ ಅಕ್ಷರದ ಮೇಲೆ ಮತ್ತೆ ಮತ್ತೆ ಕೈಯಾಡಿಸಿ ಅದರ ತಿರುವನ್ನು ರೂಢಿಸಿಕೊಳ್ಳುವುದು ತಿದ್ದುವುದು. ಉಪಾಧ್ಯಾಯರು ಪುಸ್ತಕದಲ್ಲಿನ ತಪ್ಪನ್ನು ಸರಿಪಡಿಸುವುದೂ ತಿದ್ದುವುದು. ನಡತೆ ಕೆಟ್ಟವನನ್ನು ಸರಿದಾರಿಗೆ ತರುವುದೂ ತಿದ್ದುವುದೇ. ಹಳಗನ್ನಡದ ‘ತಿರ್ದು’ ಎಂಬ ರೂಪದಿಂದ ಬಂದ ಈ ಮಾತಿಗೆ ತಮಿಳು ಮತ್ತು ಮಲಯಾಳಂಗಳಲ್ಲಿ ‘ತಿರುತ್ತು’ ಎಂಬ, ತೆಲುಗಿನಲ್ಲಿ ‘ದಿದ್ದು’ ಎಂಬ ಜ್ಞಾತಿಪದಗಳಿವೆ. ತೆಲುಗಿನಲ್ಲಿಯೂ ಮಕ್ಕಳು ಅಕ್ಷರ ‘ದಿದ್ದು’ತ್ತಾರೆ, ಗುರಜಾಡ ಅಪ್ಪಾರಾವು ಅವರು 1910ರಲ್ಲಿ ಪ್ರಕಟಿಸಿದ ‘ದಿದ್ದುಬಾಟು’ ಎಂಬ ಕತೆ ಗಂಡನ ನಡತೆಯನ್ನು ಹೆಂಡತಿ ತಿದ್ದುವ ಕತೆ. ಮರಾಠಿಯಲ್ಲಿ ಮಾತ್ರ ಎರಡೂ ಬೇರೆ ಬೇರೆ: ಅಕ್ಷರದ ಮೇಲೆ ಕೈಯಾಡಿಸುವುದು ‘ಗಿರವಣೆ’, ಸರಿಪಡಿಸುವುದು ‘ಸುಧಾರಣೆ’.

ಬರಹದ ಒಪ್ಪ ಮತ್ತು ನಡತೆಯ ಒಪ್ಪವನ್ನು ಒಂದೇ ಕ್ರಿಯೆಯ ಎರಡು ಮುಖಗಳೆಂದು ಈ ಭಾಷೆಗಳು ಕಂಡಿರುವುದು ಗಮನಾರ್ಹ. ಆದರೆ ಶಾಲೆಯ ದೈನಂದಿನ ವ್ಯವಹಾರದಲ್ಲಿ ತಿದ್ದುವುದಕ್ಕೂ ದಂಡಿಸುವುದಕ್ಕೂ ನಡುವಿನ ಗೆರೆ ಸುಲಭವಾಗಿ ಅಳಿಸಿಹೋಗುತ್ತದೆ. ರಾಜ್ಯದ ಗಡಿಯಾಚೆಗಿನ ಕನ್ನಡ ಶಾಲೆಗಳಲ್ಲಿ ಈ ಅಪಾಯ ಇನ್ನಷ್ಟು ಹೆಚ್ಚು. ಅಲ್ಲಿ ಓದುವ ಮಗು ಒಂದೇ ದಿನದಲ್ಲಿ ಎರಡು, ಮೂರು, ಕೆಲವೆಡೆ ನಾಲ್ಕು ಲಿಪಿಗಳನ್ನು ಬರೆಯಬೇಕಾಗುತ್ತದೆ. ಒಂದು ಲಿಪಿಯ ಅಭ್ಯಾಸವು ಮತ್ತೊಂದರೊಳಗೆ ನುಸುಳಿದಾಗ ಅದು ಅಜಾಗ್ರತೆಯಾಗಿ ಕಾಣುತ್ತದೆ; ಒಂದು ಭಾಷೆಯ ಮರ್ಯಾದೆಯ ರೀತಿ ಮತ್ತೊಂದರೊಳಗೆ ಬಂದಾಗ ಅದು ಉದ್ಧಟತನವಾಗಿ ಕೇಳಿಸುತ್ತದೆ. ಇಂಥ ಶಾಲೆಗಳಲ್ಲಿ ಪ್ರೋತ್ಸಾಹದ ಕ್ರಮವನ್ನು ರೂಪಿಸುವ ಮೊದಲು ಯಾವುದು ಅಜಾಗ್ರತೆ, ಯಾವುದು ದ್ವಿಭಾಷಿಕತೆಯ ಗುರುತು ಎಂಬುದನ್ನು ಬೇರ್ಪಡಿಸಿ ನೋಡುವುದು ಅಗತ್ಯ.

ಬಳ್ಳಾರಿ ಜಿಲ್ಲೆಯ 1823ರ ವರದಿ

ಈ ವಿಷಯದಲ್ಲಿ ಗಡಿನಾಡಿಗೆ ಸಂಬಂಧಿಸಿದ ಮಹತ್ವದ ದಾಖಲೆಯೊಂದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಮದರಾಸಿನ ರೆವಿನ್ಯೂ ಬೋರ್ಡಿಗೆ ಸಲ್ಲಿಸಿದ ವರದಿ. ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಆದೇಶಿಸಿದ ದೇಶೀ ಶಾಲೆಗಳ ಸಮೀಕ್ಷೆಯ ಅಂಗವಾಗಿ ಇದು ಸಿದ್ಧವಾಯಿತು. ಧರ್ಮಪಾಲ್ ಅವರು 1983ರಲ್ಲಿ ಪ್ರಕಟಿಸಿದ ದೇಶೀ ಶಿಕ್ಷಣದ ದಾಖಲೆಗಳ ಸಂಪುಟದಲ್ಲಿ ಮರುಮುದ್ರಣಗೊಂಡ ಮೇಲೆ ಹೆಚ್ಚು ಪರಿಚಿತವಾಯಿತು. ತೆಲುಗು ವ್ಯಾಕರಣವೊಂದನ್ನು ಬರೆದಿದ್ದ ಕ್ಯಾಂಪ್‌ಬೆಲ್‌ಗೆ ಭಾಷೆಯ ವಿಚಾರದಲ್ಲಿ ಸೂಕ್ಷ್ಮ ದೃಷ್ಟಿಯಿತ್ತು. ಅಂದಿನ ಬಳ್ಳಾರಿ ಜಿಲ್ಲೆ ಬಹಳ ವಿಶಾಲವಾದುದು. ಮುಂದೆ 1882ರಲ್ಲಿ ಅನಂತಪುರ ಜಿಲ್ಲೆ ಅದರಿಂದ ಬೇರ್ಪಟ್ಟಿತು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಹೀಗಾಗಿ ಇಂದಿನ ಗಡಿನಾಡ ಶಾಲೆಗಳ ಪೂರ್ವೇತಿಹಾಸ ಈ ವರದಿಯಲ್ಲಿ ಅಡಗಿದೆ.

ವರದಿಯ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳಿದ್ದು 6641 ವಿದ್ಯಾರ್ಥಿಗಳಿದ್ದರು. ಅವರಲ್ಲಿ ಹುಡುಗಿಯರು 60 ಮಂದಿ ಮಾತ್ರ. ಕನ್ನಡ ಕಲಿಸುವ ಶಾಲೆಗಳು 235, ತೆಲುಗು ಕಲಿಸುವವು 226. ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷ್ 1. ಉಳಿದ 23 ಸಂಸ್ಕೃತದ ಪಾಠಶಾಲೆಗಳು. ಎರಡು ಭಾಷೆಗಳ ಶಾಲೆಗಳು ಸರಿಸುಮಾರು ಸಮಬಲದಲ್ಲಿ ಒಂದೇ ನೆಲದ ಮೇಲೆ ನಡೆಯುತ್ತಿದ್ದವು ಎಂಬುದು ಈ ಅಂಕಿಗಳಿಂದ ಸ್ಪಷ್ಟ.

ಬರಹ ಕಲಿಸುತ್ತಿದ್ದ ಬಗೆಯನ್ನು ಕ್ಯಾಂಪ್‌ಬೆಲ್ ವಿವರವಾಗಿ ದಾಖಲಿಸಿದ್ದಾನೆ. ಮೊದಲು ನೆಲದ ಮೇಲಿನ ಮರಳಿನಲ್ಲಿ ಬೆರಳಿನಿಂದ ಅಕ್ಷರ ಬರೆಯುವುದು. ಅದು ಕೈಗೆ ಹತ್ತಿದ ಮೇಲೆ ಕಂಟದಿಂದ ಓಲೆಯ ಮೇಲೆ, ಲೆಕ್ಕಣಿಕೆಯಿಂದ ಕಾಗದದ ಮೇಲೆ, ಇಲ್ಲವೆ ಹಲಗೆ ಅಥವಾ ಕಡತದ ಮೇಲೆ ಬರೆಯುವುದು. ಹಲಗೆಗೆ ಅನ್ನ ಮತ್ತು ಇದ್ದಿಲ ಪುಡಿಯನ್ನು ಸವರಿ ಕಪ್ಪಾಗಿಸುತ್ತಿದ್ದರು. ಕಡತವೆಂದರೆ ಗಂಜಿಯಿಂದ ಬಿರುಸಾಗಿಸಿ, ಪುಸ್ತಕದಂತೆ ಮಡಿಕೆ ಮಾಡಿ, ಇದ್ದಿಲು ಮತ್ತು ಅಂಟುಗಳನ್ನು ಬಳಿದ ಬಟ್ಟೆ. ಎರಡರ ಮೇಲೂ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಬಹುದಾಗಿತ್ತು. ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಇಂದು ‘ಕಡತ’ವೆಂಬ ಹೆಸರು ಉಳಿದಿದೆ, ಆ ಹೆಸರಿನ ಮೂಲ ವಸ್ತು ಮಾತ್ರ ಅಳಿಸಿ ಬರೆಯುವ ಸಾಧನವಾಗಿತ್ತು.

ಮರಳು, ಹಲಗೆ, ಕಡತ ಈ ಮೂರರಲ್ಲಿಯೂ ತಪ್ಪು ಉಳಿಯುವುದಿಲ್ಲ. ಮಗು ಹತ್ತು ಬಾರಿ ಕೆಡಿಸಿದರೂ ಹನ್ನೊಂದನೆಯ ಬಾರಿಗೆ ಹಲಗೆ ಮೊದಲಿನಷ್ಟೇ ಶುಭ್ರವಾಗಿರುತ್ತದೆ. ಒಪ್ಪವಾದ ಬರಹವು ಅಭ್ಯಾಸದ ಕೊನೆಯಲ್ಲಿ ಬರುವ ಫಲವಾಗಿತ್ತು. ಮೊದಲ ಯತ್ನದಲ್ಲಿಯೇ ಅದು ಬರಬೇಕೆಂಬ ನಿರೀಕ್ಷೆಗೆ ಆ ಸಾಧನಗಳಲ್ಲಿ ಅವಕಾಶವಿರಲಿಲ್ಲ. ಮುಂದುವರಿದ ಮಕ್ಕಳು ಕಿರಿಯರಿಗೆ ಕಲಿಸುವ ಪದ್ಧತಿಯನ್ನೂ ಕ್ಯಾಂಪ್‌ಬೆಲ್ ಮೆಚ್ಚಿದ್ದಾನೆ. ಕಲಿಸುವವನ ತಿಳಿವಳಿಕೆಯೂ ಇದರಿಂದ ದೃಢವಾಗುತ್ತದೆಂದೂ, ಇಂಗ್ಲೆಂಡಿನಲ್ಲಿ ಇದರ ಅನುಕರಣೆ ನಡೆದಿರುವುದು ಯುಕ್ತವೆಂದೂ ಅವನ ಅಭಿಪ್ರಾಯ. ಮದರಾಸಿನ ಎಗ್ಮೂರಿನ ಅನಾಥಾಲಯದಲ್ಲಿ ಆಂಡ್ರ್ಯೂ ಬೆಲ್ ನಡೆಸಿ, 1797ರಲ್ಲಿ ಪುಸ್ತಕ ರೂಪದಲ್ಲಿ ಪ್ರಕಟಿಸಿದ ಪ್ರಯೋಗದ ಸೂಚನೆ ಇಲ್ಲಿದೆ. ಮಲಬಾರಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಬೆಲ್ ತನ್ನ ಶಾಲೆಯಲ್ಲಿ ಆ ಕ್ರಮವನ್ನು ಅಳವಡಿಸಿಕೊಂಡಿದ್ದ.

ನಡತೆಯ ವಿಷಯದಲ್ಲಿ ಅದೇ ವರದಿ ಬೇರೊಂದು ಚಿತ್ರವನ್ನು ಕೊಡುತ್ತದೆ. ಬೆಳಗ್ಗೆ ಆರರ ಹೊತ್ತಿಗೆ ಶಾಲೆ ಆರಂಭವಾಗುತ್ತಿತ್ತು. ಮೊದಲು ಬಂದ ಹುಡುಗನ ಅಂಗೈ ಮೇಲೆ ಗೌರವಸೂಚಕವಾಗಿ ‘ಸರಸ್ವತಿ’ ಎಂದು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಸೊನ್ನೆ: ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಆಮೇಲೆ ಬಂದ ಪ್ರತಿಯೊಬ್ಬನಿಗೂ ಒಂದೊಂದು ಏಟು ಹೆಚ್ಚು. ಸೋಮಾರಿಗಳನ್ನು ಕೈಕಟ್ಟಿ ಸೂರಿಗೆ ತೂಗುಹಾಕುವ, ಬಿಡುವಿಲ್ಲದೆ ಮಂಡಿಯೂರಿ ಏಳಿಸುವ ಶಿಕ್ಷೆಗಳೂ ಇದ್ದವು. ಈ ಪದ್ಧತಿ ಕಠಿಣವಾದುದೆಂದು ಕ್ಯಾಂಪ್‌ಬೆಲ್ ಸ್ವತಃ ಗುರುತಿಸಿದ್ದಾನೆ.

ಈ ಸಾಲಿನ ಲೆಕ್ಕಾಚಾರವನ್ನು ಸ್ವಲ್ಪ ಪರಿಶೀಲಿಸಬೇಕು. ಮೂವತ್ತು ಮಕ್ಕಳ ಶಾಲೆಯಲ್ಲಿ ಎಲ್ಲರೂ ಸೂರ್ಯೋದಯಕ್ಕೆ ಮೊದಲೇ ಹೊರಟರೂ ಗೌರವ ಒಬ್ಬನಿಗೇ, ಏಟು ಇಪ್ಪತ್ತೆಂಟು ಮಂದಿಗೆ. ಹೊತ್ತಿಗೆ ಸರಿಯಾಗಿ ಬರುವ ಗುಣಕ್ಕೆ ಇಲ್ಲಿ ಬೆಲೆಯಿಲ್ಲ. ಮತ್ತೊಬ್ಬನಿಗಿಂತ ಮುಂದೆ ಬರುವುದಕ್ಕೆ ಮಾತ್ರ ಬೆಲೆ. ಶಾಲೆಯಿಂದ ಮನೆ ದೂರವಿರುವ ಹುಡುಗ, ಬೆಳಗಿನ ಹೊತ್ತು ದನಕರುಗಳ ಕೆಲಸವಿರುವ ಹುಡುಗ ಎಷ್ಟು ಸದ್ಗುಣಿಯಾದರೂ ಸಾಲಿನ ಕೊನೆಗೇ ನಿಲ್ಲುತ್ತಾನೆ. ಒಂದೇ ಶಾಲೆಯೊಳಗೆ ಅಕ್ಷರಕ್ಕೆ ಹತ್ತು ಅವಕಾಶಗಳಿದ್ದವು, ನಡತೆಗೆ ಒಂದೇ. ಅಕ್ಷರವನ್ನು ತಿದ್ದುತ್ತಿದ್ದರು, ನಡತೆಯನ್ನು ದಂಡಿಸುತ್ತಿದ್ದರು.

ಕಾಗದ ಬಂದ ಮೇಲೆ

ಮುಂದಿನ ಕಾಲದ ಶಾಲೆ ಮೈ ಮೇಲಿನ ಶಿಕ್ಷೆಯನ್ನು ಕ್ರಮೇಣ ಕಡಿಮೆ ಮಾಡಿತು; ಅದೇ ಹೊತ್ತಿಗೆ ತಪ್ಪನ್ನು ಶಾಶ್ವತಗೊಳಿಸಿತು. ಕಾಗದ, ಶಾಯಿ ಮತ್ತು ನೋಟುಪುಸ್ತಕಗಳಲ್ಲಿ ಒಮ್ಮೆ ಬಿದ್ದ ಗೀಟು ಹೋಗುವುದಿಲ್ಲ. ಹೊಡೆದುಹಾಕಿದ ಪದ, ಕಲೆ, ಒತ್ತಿ ಬರೆದ ಅಕ್ಷರ ಇವೆಲ್ಲ ಮಗುವಿನ ಸ್ವಭಾವಕ್ಕೆ ಸಾಕ್ಷಿಗಳಾಗಿ ಉಳಿಯತೊಡಗಿದವು. ನಡತೆಗೂ ಇದೇ ಗತಿಯಾಯಿತು. ಶಾಲೆ ಬಿಡುವಾಗ ಕೊಡುವ ವರ್ಗಾವಣೆ ಪತ್ರದಲ್ಲಿ ಹಲವು ವರ್ಷಗಳ ವರ್ತನೆ ‘ಉತ್ತಮ’ ಅಥವಾ ‘ತೃಪ್ತಿಕರ’ ಎಂಬ ಒಂದೇ ಪದಕ್ಕೆ ಇಳಿಯುತ್ತದೆ.

ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಕೈಬರಹದ ಬಗ್ಗೆ ಬರೆದುದನ್ನು ಕನ್ನಡದ ಉಪಾಧ್ಯಾಯರು ತಲೆಮಾರುಗಳಿಂದ ಉದ್ಧರಿಸುತ್ತ ಬಂದಿದ್ದಾರೆ. ಕೆಟ್ಟ ಅಕ್ಷರವು ಅಪೂರ್ಣ ಶಿಕ್ಷಣದ ಲಕ್ಷಣವೆಂಬ ಅವರ ಮಾತೇ ಹೆಚ್ಚು ಪ್ರಸಿದ್ಧ. ಅದರ ಬೆನ್ನಿಗೇ ಅವರು ಸೂಚಿಸಿದ ಉಪಾಯ ಅಷ್ಟು ಪ್ರಸಿದ್ಧವಲ್ಲ: ಮಗು ಹೂವು, ಹಕ್ಕಿ ಮುಂತಾದವನ್ನು ನೋಡಿ ಗುರುತಿಸುವಂತೆ ಅಕ್ಷರಗಳನ್ನೂ ನೋಡಿ ಗುರುತಿಸಲಿ, ಮೊದಲು ಚಿತ್ರ ಬರೆಯಲು ಕಲಿಯಲಿ, ಆಮೇಲೆ ಅಕ್ಷರ ಬರೆಯಲಿ ಎಂಬುದು. ಕೈ ಮತ್ತು ಕಣ್ಣಿನ ತಯಾರಿಯಿಲ್ಲದೆ ಅಂದವಾದ ಬರಹವನ್ನು ಅಪೇಕ್ಷಿಸಬಾರದೆಂಬುದು ಇದರ ತಾತ್ಪರ್ಯ. ಗಡಿನಾಡಿನ ಮಗುವಿನ ಕೈಗೆ ಈ ತಯಾರಿ ಒಂದಕ್ಕಿಂತ ಹೆಚ್ಚು ಲಿಪಿಗಳಲ್ಲಿ ಬೇಕಾಗುತ್ತದೆ.

ಒಂದು ಕೈ, ಎರಡು ಲಿಪಿ

ಕನ್ನಡ ಮಾಧ್ಯಮದ ಶಾಲೆಯಲ್ಲಿಯೂ ಆಯಾ ರಾಜ್ಯದ ಭಾಷೆಯನ್ನು ಕಲಿಯುವುದು ಇಂದು ಬಹುಮಟ್ಟಿಗೆ ಕಾನೂನಿನ ವಿಷಯವಾಗಿದೆ. ತಮಿಳುನಾಡು 2006ರಲ್ಲಿ, ಕೇರಳ 2017ರಲ್ಲಿ, ತೆಲಂಗಾಣ 2018ರಲ್ಲಿ, ಮಹಾರಾಷ್ಟ್ರ 2020ರಲ್ಲಿ ತಮ್ಮ ತಮ್ಮ ಭಾಷೆಗಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯ್ದೆಗಳನ್ನು ಮಾಡಿವೆ. ಈ ಕಾಯ್ದೆಗಳ ಯುಕ್ತಾಯುಕ್ತತೆ ಬೇರೆ ಚರ್ಚೆ. ಮಗುವಿನ ಪುಸ್ತಕದ ಹಾಳೆಯ ಮೇಲೆ ಅವುಗಳ ಪರಿಣಾಮವೇನು ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಆದವಾನಿ, ರಾಯದುರ್ಗ, ಮಡಕಶಿರಾ ಭಾಗದಲ್ಲಿ ಕನ್ನಡದ ಜೊತೆಗಿರುವುದು ತೆಲುಗು. ಎರಡು ಲಿಪಿಗಳು ಒಂದೇ ಮೂಲದಿಂದ ಬೆಳೆದವು. ಸಾದೃಶ್ಯವೇ ಇಲ್ಲಿ ತೊಡಕು. ತೆಲುಗಿನ ತಲೆಕಟ್ಟು ಸರಿಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ಕನ್ನಡದ್ದು ಅಡ್ಡಲಾಗಿ ಸಾಗಿ ಬಾಗುತ್ತದೆ. ಕನ್ನಡದಲ್ಲಿ ಕೀ, ಕೇ, ಕೋ ಬರೆಯಲು ಹ್ರಸ್ವ ರೂಪದ ಬಲಕ್ಕೆ ದೀರ್ಘದ ಚಿಹ್ನೆಯನ್ನು ಬೇರೆಯಾಗಿ ಸೇರಿಸಬೇಕು. ತೆಲುಗಿನಲ್ಲಿ ಆ ದೀರ್ಘವು ಅಕ್ಷರದ ತಲೆಯ ಮೇಲಿನ ಚಿಹ್ನೆಯೊಳಗೇ ಅಡಗುತ್ತದೆ. ತೆಲುಗಿಗೆ ಒಗ್ಗಿದ ಕೈ ಕನ್ನಡದಲ್ಲಿ ಬಲಗಡೆಯ ದೀರ್ಘವನ್ನು ಬಿಟ್ಟು ಮುಂದೆ ಹೋಗುವುದು ಸಹಜ. ಹತ್ತು ಸಾಲಿನ ಉಕ್ತಲೇಖನದಲ್ಲಿ ಹತ್ತು ದೀರ್ಘಗಳು ಬಿಟ್ಟುಹೋದರೆ ಅದನ್ನು ಹತ್ತು ತಪ್ಪುಗಳೆಂದು ಎಣಿಸುವುದು ವಾಡಿಕೆ. ವಸ್ತುತಃ ಅದು ಹತ್ತು ಬಾರಿ ಕಾಣಿಸಿಕೊಂಡ ಒಂದೇ ಅಭ್ಯಾಸ.

ಕಾಸರಗೋಡಿನಲ್ಲಿ ಜೊತೆಗಿರುವ ಲಿಪಿ ಮಲಯಾಳಂ. ಅಲ್ಲಿ ಎಕಾರ, ಏಕಾರಗಳ ಚಿಹ್ನೆ ವ್ಯಂಜನದ ಎಡಕ್ಕೆ ಬರುತ್ತದೆ; ಕನ್ನಡದ ಏತ್ವವು ಅಕ್ಷರದ ತಲೆಗೆ ಅಂಟುತ್ತದೆ. 1971ರ ಲಿಪಿ ಸುಧಾರಣೆಯಲ್ಲಿ ಮಲಯಾಳಂನ ಉಕಾರದ ಚಿಹ್ನೆ ವ್ಯಂಜನದಿಂದ ಬೇರ್ಪಟ್ಟು ಬಲಕ್ಕೆ ಸರಿಯಿತು, ಕೂಡಕ್ಷರಗಳು ಬಿಡಿಬಿಡಿಯಾದವು. ಕನ್ನಡದ ‘ಅರ್ಕ’, ‘ಧರ್ಮ’ಗಳಲ್ಲಿ ಮೊದಲು ಉಚ್ಚರಿಸುವ ರಕಾರವನ್ನು ಅರ್ಕಾವೊತ್ತಾಗಿ ಆಮೇಲೆ ಬರೆಯುವುದು ರೂಢಿ, ಮಲಯಾಳಂನ ಚಿಲ್ಲಕ್ಷರವು ಉಚ್ಚಾರದ ಕ್ರಮದಲ್ಲಿಯೇ ಮೊದಲು ಬರುತ್ತದೆ. ಮಲಯಾಳಂ ಮತ್ತು ತೆಲುಗುಗಳೆರಡರಲ್ಲಿಯೂ ‘ಪುಸ್ತಕಂ’ ಎಂಬಂತೆ ಪದಾಂತ್ಯದಲ್ಲಿ ಸೊನ್ನೆಯಿರುತ್ತದೆ. ಕನ್ನಡದ ಹಾಳೆಯಲ್ಲಿ ಆ ಸೊನ್ನೆ ಕಂಡುಬಂದರೆ ಅದರ ಮೂಲ ಅಲ್ಲಿದೆ.

ಹೊಸೂರು, ತಾಳವಾಡಿಗಳ ಮಗುವಿಗೆ ತಮಿಳು ಲಿಪಿಯ ಸರಳರೇಖೆಯ ಸಾಗು ಪರಿಚಿತ. ತಮಿಳಿನಲ್ಲಿ ಕಕಾರ, ಗಕಾರಗಳಿಗೆ ಒಂದೇ ಅಕ್ಷರ, ಮಹಾಪ್ರಾಣಗಳಿಲ್ಲ, ವ್ಯಂಜನದ ಮೇಲೆ ಚುಕ್ಕಿಯಿಟ್ಟರೆ ಸ್ವರವಿಲ್ಲವೆಂದು ಅರ್ಥ, ಹಾಗಾಗಿ ಸಾಲಿನ ಕೆಳಗಿಳಿಯುವ ಒತ್ತಕ್ಷರದ ಅಗತ್ಯ ಬೀಳುವುದಿಲ್ಲ. ಕನ್ನಡಕ್ಕೆ ಸಾಲಿನ ಮೇಲೂ ಕೆಳಗೂ ಜಾಗ ಬೇಕು. ಒಂಟಿ ಗೆರೆಯ ಇಕ್ಕಟ್ಟಾದ ಪುಸ್ತಕದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಹಾಳೆಯೆಲ್ಲ ಗೋಜಲಾಗುತ್ತದೆ. ಅದನ್ನು ಸರಿಪಡಿಸಲು ಗದರಿಕೆಗಿಂತ ಅಗಲ ಗೆರೆಯ ಪುಸ್ತಕ ಹೆಚ್ಚು ಉಪಯುಕ್ತ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಮರಾಠಿಯ ದೇವನಾಗರಿಯಿದೆ. ಅದರ ಅಕ್ಷರಗಳು ಶಿರೋರೇಖೆಯಿಂದ ಕೆಳಕ್ಕೆ ಜೋತಾಡುತ್ತವೆ. ಕನ್ನಡದ ಅಕ್ಷರಗಳು ಕೆಳಗೆರೆಯ ಮೇಲೆ ಕೂರುತ್ತವೆ. ಕೈ ಎಲ್ಲಿಂದ ಆರಂಭಿಸಬೇಕು, ಕಣ್ಣು ಯಾವ ಗೆರೆಯನ್ನು ಆಧರಿಸಬೇಕು ಎಂಬುದೇ ಬದಲಾಗುತ್ತದೆ. ಮರಾಠಿಯ ಬರಹದಲ್ಲಿ ಎ-ಏ, ಒ-ಓಗಳ ಭೇದವಿಲ್ಲ. ಕನ್ನಡದಲ್ಲಿ ‘ಕೊಡು’ ಮತ್ತು ‘ಕೋಡು’ ಬೇರೆ ಬೇರೆ ಪದಗಳು. ಮರಾಠಿಯಲ್ಲಿ ‘ಶುದ್ಧಲೇಖನ’ವೆಂದರೆ ಮುಖ್ಯವಾಗಿ ಕಾಗುಣಿತದ ಶುದ್ಧಿ, ಕನ್ನಡದ ತರಗತಿಯಲ್ಲಿ ಅದೇ ಮಾತು ಅಂದವಾದ ಅಕ್ಷರಕ್ಕೂ ಸಲ್ಲುತ್ತದೆ. ‘ಶುದ್ಧವಾಗಿ ಬರೆ’ ಎಂದಾಗ ಕನ್ನಡದ ಉಪಾಧ್ಯಾಯರೂ ಮರಾಠಿಯ ಉಪಾಧ್ಯಾಯರೂ ಒಂದೇ ಮಗುವಿನಿಂದ ಎರಡು ಬೇರೆ ಗುಣಗಳನ್ನು ಅಪೇಕ್ಷಿಸುತ್ತಿರಬಹುದು.

ಇದೆಲ್ಲ ಅಂದದ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ. ಲಿಂಡಾ ಮಾರ್ಖಮ್ 1976ರಲ್ಲಿ ಅಮೆರಿಕದ ಶಿಕ್ಷಣ ಸಂಶೋಧನಾ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಷಯದ ಗುಣಮಟ್ಟ ಏನೇ ಇದ್ದರೂ ಅಂದವಾದ ಅಕ್ಷರದ ಬರಹಗಳಿಗೆ ಉಪಾಧ್ಯಾಯರು ಹೆಚ್ಚು ಅಂಕ ಕೊಡುವ ಪ್ರವೃತ್ತಿ ಕಂಡುಬಂತು. ಅಕ್ಷರದ ಅಂದವು ಅಂಕವನ್ನು ಪ್ರಭಾವಿಸುವುದಾದರೆ, ಎರಡು ಲಿಪಿಗಳ ನಡುವೆ ಓಡಾಡುವ ಮಗು ಇತಿಹಾಸದಲ್ಲಿಯೂ ವಿಜ್ಞಾನದಲ್ಲಿಯೂ ಅದರ ಬೆಲೆ ತೆರಬೇಕಾಗಬಹುದು. ಕಾಸರಗೋಡಿನ ಕನ್ನಡ ಮಾಧ್ಯಮ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕವಾದಾಗಲೆಲ್ಲ ಪಾಲಕರು ಪ್ರತಿಭಟಿಸುತ್ತ ಬಂದಿದ್ದಾರೆ. ಆ ಆತಂಕಕ್ಕೆ ಇಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಲಿಪಿಯನ್ನು ಓದಲಾರದ ಅಧ್ಯಾಪಕರು ಹಾಳೆಯ ಮೇಲೆ ನೋಡಬಲ್ಲದ್ದು ನೇರವಾದ ಸಾಲು, ಸಮನಾದ ಅಂಚು, ಕಾಟು ಇಲ್ಲದ ಬರಹ ಇಷ್ಟನ್ನೇ. ಅವರ ಕೈಯಿಂದ ‘ಚೆನ್ನಾಗಿದೆ’ ಎಂಬ ಷರಾ ಪಡೆಯುವುದು ನೋಡಿ ನಕಲು ಮಾಡಿದ ಹಾಳೆ. ಸ್ವಂತ ವಾಕ್ಯವನ್ನು ಯೋಚಿಸಿ, ಹೊಡೆದು, ಮತ್ತೆ ಬರೆದ ಹಾಳೆಗೆ ಅದು ದಕ್ಕುವುದು ಕಷ್ಟ.

ಮರ್ಯಾದೆಯ ವ್ಯಾಕರಣ

ನಡತೆಯ ವಿಷಯದಲ್ಲಿಯೂ ಇಂಥದೇ ಅಡಚಣೆಗಳಿವೆ. ಕನ್ನಡದ ‘ಶಿಸ್ತು’ ಎಂಬ ಮಾತಿಗೆ ನಿಯಮಪಾಲನೆ ಮತ್ತು ಅಚ್ಚುಕಟ್ಟುತನ ಎರಡೂ ಅರ್ಥಗಳಿವೆ. ‘ಶಿಸ್ತಾಗಿ ಬಂದ’ ಎಂದರೆ ಒಪ್ಪವಾಗಿ ಉಡುಪು ತೊಟ್ಟು ಬಂದ ಎಂದೂ ಆಗುತ್ತದೆ. ಮರಾಠಿಯ ‘ಶಿಸ್ತ’ದಲ್ಲಿ ಮೊದಲ ಅರ್ಥವೇ ಪ್ರಧಾನ. ತಮಿಳಿನ ‘ಒಳುಕ್ಕಂ’, ಮಲಯಾಳಂನ ‘ಅಚ್ಚಡಕ್ಕಂ’, ತೆಲುಗಿನ ‘ಕ್ರಮಶಿಕ್ಷಣ’ ಒಂದೊಂದಕ್ಕೂ ಬೇರೆ ಬೇರೆ ಧ್ವನಿಗಳಿವೆ. ‘ಶಿಸ್ತಿನಿಂದಿರು’ ಎಂಬ ಸೂಚನೆಯಿಂದ ಮಗು ಮಾಡಬೇಕಾದ್ದು ಏನೆಂದು ತಿಳಿಯಬೇಕಾದರೆ ಆ ಮಾತನ್ನು ಬಿಡಿಸಿ ಹೇಳಬೇಕಾಗುತ್ತದೆ.

ಗೌರವದ ರೂಪಗಳು ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ಗುರುಗಳ ಬಗ್ಗೆ ಹೇಳುವಾಗ ಕ್ರಿಯಾಪದವೇ ಗೌರವವನ್ನು ಹೊರುತ್ತದೆ: ಮೇಷ್ಟ್ರು ‘ಬಂದರು’. ಮಲಯಾಳಂನ ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷಗಳ ಪ್ರತ್ಯಯಗಳಿಲ್ಲ. ಗುರುಗಳು ಬಂದರೂ ಗೆಳೆಯ ಬಂದರೂ ‘ವನ್ನು’ ಎಂಬುದೊಂದೇ ರೂಪ. ಮಲಯಾಳಂ ಮನೆಮಾತಿನ ಮಗು ಕನ್ನಡದಲ್ಲಿ ‘ರು’ ಪ್ರತ್ಯಯವನ್ನು ಬಿಟ್ಟರೆ ಅದು ಅಗೌರವವಲ್ಲ. ಕಾಸರಗೋಡಿನ ಹವ್ಯಕ ಕನ್ನಡದಲ್ಲಿ ಹೆಂಗಸರನ್ನು ಕುರಿತು ನಪುಂಸಕ ಲಿಂಗದ ಕ್ರಿಯಾಪದವನ್ನು ಬಳಸುವ ರೂಢಿಯಿದೆ. ಮನೆಯಲ್ಲಿ ಅಕ್ಕ ‘ಬಂತು’ ಎಂಬುದು ಪ್ರೀತಿಯ, ಸಹಜವಾದ ಮಾತು. ಅದೇ ಮಗು ಅಧ್ಯಾಪಿಕೆಯ ಬಗ್ಗೆ ಹಾಗೆಂದರೆ ಶಿಷ್ಟ ಕನ್ನಡದ ಕಿವಿಗೆ ಆಘಾತವಾಗುತ್ತದೆ. ಕನ್ನಡವೇ ಮನೆಮಾತಾದ ಮಗುವಿಗೂ ಶಾಲೆಯ ಕನ್ನಡದ ಮರ್ಯಾದೆ ಕಲಿಯಬೇಕಾದ ಪಾಠವೆಂಬುದಕ್ಕೆ ಇದು ನಿದರ್ಶನ.

ಮನೆಮಾತನ್ನು ನಡತೆಯ ದೋಷವಾಗಿ ಪರಿಗಣಿಸಿದ ಶಾಲೆಗಳ ಇತಿಹಾಸ ಜಗತ್ತಿನಲ್ಲಿದೆ. ಹತ್ತೊಂಬತ್ತನೆಯ ಶತಮಾನದ ವೇಲ್ಸ್‌ನ ಹಲವು ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ತೊಡಿಸುತ್ತಿದ್ದರು. ಇನ್ನೊಬ್ಬ ಮಗು ವೆಲ್ಷ್ ಆಡಿದ್ದು ಕೇಳಿದರೆ ಅದು ಅವನ ಕೊರಳಿಗೆ ವರ್ಗವಾಗುತ್ತಿತ್ತು. ದಿನದ ಕೊನೆಗೆ ಯಾರ ಬಳಿ ಉಳಿಯಿತೋ ಅವನಿಗೆ ಶಿಕ್ಷೆ. ಮಕ್ಕಳನ್ನೇ ಪರಸ್ಪರ ಕಾವಲುಗಾರರನ್ನಾಗಿ ಮಾಡಿದ ಈ ಪದ್ಧತಿಯನ್ನು ಅಂದು ಶಿಸ್ತಿನ ಹೆಸರಿನಲ್ಲಿಯೇ ನಡೆಸಲಾಯಿತು. ‘ತರಗತಿಯಲ್ಲಿ ತುಳು ಆಡಬಾರದು’, ‘ಮರಾಠಿ ಆಡಬಾರದು’ ಎಂಬ ನಿಯಮ ಕನ್ನಡ ಶಾಲೆಯಲ್ಲಿ ನಡತೆಯ ಪಟ್ಟಿಗೆ ಸೇರಿದರೆ, ಅಲ್ಪಸಂಖ್ಯಾತರ ಶಾಲೆಯೇ ಇನ್ನೊಂದು ಅಲ್ಪಸಂಖ್ಯಾತ ಭಾಷೆಗೆ ಮಾಡುವ ಅನ್ಯಾಯವಾಗುತ್ತದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆನ್ನುವ, 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯ ಆಶಯದ ಮೇಲೆ ನಿಂತ ಶಾಲೆಗಳಿಗೆ ಇದು ಶೋಭಿಸುವುದಿಲ್ಲ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ನಿಷೇಧಿಸಿದೆ. ಎಲ್ಲರೆದುರು ಮಗುವಿನ ಮಾತಿನ ಧಾಟಿಯನ್ನು ಅಣಕಿಸುವುದು ಆ ಎರಡನೆಯ ಗುಂಪಿಗೆ ಸೇರುತ್ತದೆಯೆಂದು ಭಾವಿಸಲು ಕಾರಣಗಳಿವೆ.

ಬಹುಮಾನದ ಮಿತಿಗಳು

ಶಿಕ್ಷೆ ಹೋದಲ್ಲಿ ಬಹುಮಾನ ಬಂದಿದೆ: ನಕ್ಷತ್ರದ ಚೀಟಿ, ಉತ್ತಮ ವಿದ್ಯಾರ್ಥಿಯೆಂಬ ಫಲಕ, ಅಂದವಾದ ಬರಹಕ್ಕೆ ಪ್ರಶಸ್ತಿ. ಬಹುಮಾನದ ಫಲವನ್ನು ಪರೀಕ್ಷಿಸಿದ ಎರಡು ಅಧ್ಯಯನಗಳು ಇಲ್ಲಿ ಉಪಯುಕ್ತ.

ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅವರು 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿತ್ರ ಬರೆಯುವುದನ್ನು ಸ್ವತಃ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಲಾಯಿತು, ಎರಡನೆಯದಕ್ಕೆ ಅನಿರೀಕ್ಷಿತವಾಗಿ ಕೊಡಲಾಯಿತು, ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನಗಳ ನಂತರ, ಪ್ರಶಸ್ತಿಯ ಮಾತು ಕೇಳಿ ಬರೆದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರದಲ್ಲಿ ತೊಡಗಿದರು. ಆಸಕ್ತಿ ಮೊದಲೇ ಇರುವ ಕೆಲಸಕ್ಕೆ ಬಹುಮಾನದ ಆಮಿಷ ಒಡ್ಡಿದರೆ ಆಸಕ್ತಿ ಕುಗ್ಗಬಹುದು ಎಂಬುದು ಇದರಿಂದ ತಿಳಿಯುತ್ತದೆ. ಆಸಕ್ತಿಯೇ ಹುಟ್ಟದ ಕೆಲಸದಲ್ಲಿ ಬಹುಮಾನ ನಿರುಪಯುಕ್ತವೆಂದು ಇದರಿಂದ ತೀರ್ಮಾನಿಸಲಾಗದು.

ಎರಡನೆಯದು ಕಾನ್ಸಾಸ್ ರಾಜ್ಯದ ನಾಲ್ಕನೆಯ ತರಗತಿಯೊಂದರಲ್ಲಿ ನಡೆದು 1969ರಲ್ಲಿ ಪ್ರಕಟವಾದ ‘ಸದ್ವರ್ತನೆಯ ಆಟ’. ತರಗತಿಯನ್ನು ಎರಡು ತಂಡ ಮಾಡಿ, ಜಾಗ ಬಿಟ್ಟೇಳುವುದು, ಅನುಮತಿಯಿಲ್ಲದೆ ಮಾತಾಡುವುದು ಮುಂತಾದ ಸ್ಪಷ್ಟ ನಡವಳಿಕೆಗಳಿಗೆ ತಂಡದ ಹೆಸರಿನಲ್ಲಿ ಗುರುತು ಹಾಕಲಾಯಿತು. ನಿಗದಿತ ಮಿತಿಯೊಳಗಿದ್ದರೆ ಎರಡು ತಂಡಗಳೂ ಗೆಲ್ಲಬಹುದಿತ್ತು. ಆಟ ನಡೆಯುವಾಗ ಗದ್ದಲ ಗಣನೀಯವಾಗಿ ಇಳಿಯಿತು, ನಿಲ್ಲಿಸಿದಾಗ ಮರಳಿತು. ಇದರ ಯಶಸ್ಸಿಗೆ ಕಾರಣವಾದ ಎರಡು ಅಂಶಗಳು ಗಮನಾರ್ಹ: ನಡತೆಯನ್ನು ಗುಣವಾಚಕಗಳಲ್ಲಿ ಹೇಳದೆ ಕಾಣುವ ಕ್ರಿಯೆಗಳಲ್ಲಿ ಹೇಳಿದ್ದು, ಮತ್ತು ಒಬ್ಬರ ಗೆಲುವಿಗೆ ಇನ್ನೊಬ್ಬರ ಸೋಲು ಬೇಕಿಲ್ಲದಂತೆ ನಿಯಮ ರಚಿಸಿದ್ದು. ಬಳ್ಳಾರಿಯ ಬೆಳಗಿನ ಸಾಲಿನಲ್ಲಿ ಈ ಎರಡನೆಯ ಅವಕಾಶವೇ ಇರಲಿಲ್ಲ.

ತರಗತಿಯಲ್ಲಿ ಅನುಸರಿಸಬಹುದಾದ ಕ್ರಮ

ಮೇಲಿನ ಚರ್ಚೆಯಿಂದ ಗಡಿನಾಡಿನ ಶಾಲೆಗೆ ಒಗ್ಗುವ ಕೆಲವು ಕ್ರಮಗಳು ಹೊರಡುತ್ತವೆ. ಮೊದಲನೆಯದು, ಪುಸ್ತಕ ತಿದ್ದುವಾಗ ತಪ್ಪುಗಳನ್ನು ಮೂರಾಗಿ ವಿಂಗಡಿಸುವುದು: ಜೊತೆ ಲಿಪಿಯಿಂದ ಬಂದವು, ಜಾಗ ಮತ್ತು ಗೆರೆಯ ಇಕ್ಕಟ್ಟಿನಿಂದ ಬಂದವು, ಗಮನವಿಲ್ಲದೆ ಆದವು. ಮೊದಲನೆಯ ವರ್ಗಕ್ಕೆ ಎರಡೂ ಲಿಪಿಗಳ ಅಕ್ಷರವನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದು ವ್ಯತ್ಯಾಸ ತೋರಿಸುವುದೇ ಪರಿಹಾರ. ಎರಡನೆಯದಕ್ಕೆ ತಕ್ಕ ಪುಸ್ತಕ. ಜಾಗ್ರತೆಯ ಉಪದೇಶ ಸಲ್ಲುವುದು ಮೂರನೆಯದಕ್ಕೆ ಮಾತ್ರ.

ಎರಡನೆಯದು, ಅಳಿಸಬಹುದಾದ ಹಂತವನ್ನು ಮರಳಿ ತರುವುದು. ಸ್ಲೇಟಿನ ಮೇಲೋ ಒರಟು ಪುಸ್ತಕದಲ್ಲೋ ಕರಡು ಬರೆದು ತಿದ್ದಿಕೊಂಡ 5 ಸಾಲುಗಳನ್ನು ಮಾತ್ರ ಒಳ್ಳೆಯ ಪುಸ್ತಕಕ್ಕೆ ಇಳಿಸುವುದು, ಒಂದೇ ಏಟಿಗೆ ಎರಡು ಪುಟ ಕಾಪಿ ಬರೆಸುವುದಕ್ಕಿಂತ ಮೇಲು. ಕರಡಿನಲ್ಲಿ ಕಾಟುಗಳಿರುವುದು ಯೋಚನೆಯ ಗುರುತೆಂದು ಮಗುವಿಗೂ ಪಾಲಕರಿಗೂ ತಿಳಿಯಬೇಕು. ತಪ್ಪಿಗೆ ಶಿಕ್ಷೆಯಾಗಿ ನೂರು ಬಾರಿ ಬರೆಸುವ ವಾಡಿಕೆ ಬರಹವನ್ನೇ ದಂಡನೆಯಾಗಿ ಮಾಡುತ್ತದೆ. ಕೊನೆಯ ಸಾಲುಗಳ ಅಕ್ಷರ ಮೊದಲಿನವಕ್ಕಿಂತ ಕೆಟ್ಟಿರುವುದನ್ನು ಯಾವ ಉಪಾಧ್ಯಾಯರೂ ಗಮನಿಸಬಲ್ಲರು.

ಮೂರನೆಯದು, ಮೆಚ್ಚುಗೆಯನ್ನು ನಿರ್ದಿಷ್ಟಗೊಳಿಸುವುದು. ‘ಜಾಣ’, ‘ಚೆನ್ನಾಗಿದೆ’ ಎಂಬ ಷರಾದಿಂದ ಮಗುವಿಗೆ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ. ‘ಈ ವಾರ ಒಂದು ದೀರ್ಘವೂ ಬಿಟ್ಟಿಲ್ಲ’, ‘ಒತ್ತುಗಳು ಸಾಲಿಗೆ ತಾಗದಂತೆ ಬಂದಿವೆ’ ಎಂಬ ಮಾತಿನಿಂದ ತಿಳಿಯುತ್ತದೆ. ಹೋಲಿಕೆ ಮಗುವಿನ ಜೂನ್ ತಿಂಗಳ ಹಾಳೆಗೂ ಡಿಸೆಂಬರ್ ತಿಂಗಳ ಹಾಳೆಗೂ ನಡುವೆ ನಡೆಯಬೇಕೇ ಹೊರತು ಪಕ್ಕದ ಬೆಂಚಿನವನೊಡನೆ ಅಲ್ಲ.

ನಾಲ್ಕನೆಯದು, ಹಿರಿಯ ಮಕ್ಕಳಿಂದ ಕಿರಿಯರಿಗೆ ಕಲಿಸುವುದು. ಮಕ್ಕಳ ಸಂಖ್ಯೆ ಕಡಿಮೆಯಿದ್ದು ಒಬ್ಬರೇ ಉಪಾಧ್ಯಾಯರು ಹಲವು ತರಗತಿಗಳನ್ನು ನೋಡಿಕೊಳ್ಳುವ ಕಡೆ ಇದು ಅನಿವಾರ್ಯವೂ ಹೌದು, ಲಾಭಕರವೂ ಹೌದು. ಎರಡು ವರ್ಷಗಳ ಹಿಂದೆ ಅದೇ ದೀರ್ಘವನ್ನು ಬಿಡುತ್ತಿದ್ದ ಹುಡುಗಿಗೆ ಕಿರಿಯವನ ತೊಡಕು ಥಟ್ಟನೆ ಅರ್ಥವಾಗುತ್ತದೆ. ಹೊಣೆ ಹೊತ್ತ ಮಗುವಿನ ನಡತೆಯೂ ಆ ಹೊಣೆಯಿಂದ ರೂಪುಗೊಳ್ಳುತ್ತದೆ. ಆದರೆ ತಪ್ಪು ಮಾಡಿದವರ ಹೆಸರು ಬರೆದಿಡುವ ಕೆಲಸವನ್ನು ಈ ಹೊಣೆಗೆ ಸೇರಿಸಬಾರದು.

ಐದನೆಯದು, ತರಗತಿಯ ನಿಯಮಗಳನ್ನು ಮಕ್ಕಳೊಡನೆ ಕೂಡಿ, ಕಾಣುವ ಕ್ರಿಯೆಗಳ ರೂಪದಲ್ಲಿ, ಕನ್ನಡದಲ್ಲಿಯೂ ಅವರ ಇನ್ನೊಂದು ಭಾಷೆಯಲ್ಲಿಯೂ ಬರೆದು ಹಾಕುವುದು: ಒಬ್ಬರು ಮಾತಾಡುವಾಗ ಉಳಿದವರು ಕೇಳುವುದು, ಪಡೆದ ವಸ್ತುವನ್ನು ಅದೇ ದಿನ ಮರಳಿಸುವುದು, ಊಟದ ನಂತರ ಜಾಗವನ್ನು ಶುಚಿ ಮಾಡುವುದು. ‘ಬಂದರು’, ‘ಬಂತು’, ‘ವನ್ನು’ಗಳ ಭೇದವನ್ನು ಇದೇ ಸಂದರ್ಭದಲ್ಲಿ ಭಾಷಾಪಾಠವಾಗಿ ಕಲಿಸಬಹುದು. ಆಗ ಮನೆಯ ಮಾತಿನ ಮರ್ಯಾದೆಯೂ ಉಳಿಯುತ್ತದೆ, ಶಾಲೆಯ ಮಾತಿನ ಮರ್ಯಾದೆಯೂ ದಕ್ಕುತ್ತದೆ.

ಗಡಿಯಾಚೆಗಿನ ಕನ್ನಡ ಶಾಲೆಗೆ ಮಗುವನ್ನು ಕಳುಹಿಸುವುದು ಪಾಲಕರು ಪ್ರತಿ ವರ್ಷ ಹೊಸದಾಗಿ ಮಾಡುವ ಆಯ್ಕೆ. ರಾಜ್ಯಭಾಷೆಯ ಶಾಲೆ, ಇಂಗ್ಲಿಷ್ ಶಾಲೆ ಎರಡೂ ಸಮೀಪದಲ್ಲಿರುತ್ತವೆ. ಕನ್ನಡದ ಪುಸ್ತಕ ಕೆಂಪು ಗೀಟುಗಳಿಂದ ತುಂಬಿ ಮನೆಗೆ ಬಂದರೆ, ಮಗುವಿನ ಕೈಯೇ ಕೆಟ್ಟದ್ದು, ಕನ್ನಡ ಅದಕ್ಕೆ ಒಗ್ಗದು ಎಂಬ ತೀರ್ಮಾನಕ್ಕೆ ಮನೆಯವರು ಬರುವುದು ಕಷ್ಟವಲ್ಲ. ಅದೇ ಪುಸ್ತಕದಲ್ಲಿ ಎರಡು ಲಿಪಿಗಳನ್ನು ಬಲ್ಲ ಕೈಯ ಬೆಳವಣಿಗೆಯನ್ನು ಓದಬಲ್ಲ ಉಪಾಧ್ಯಾಯರಿದ್ದರೆ ಮಗು ಕನ್ನಡದಲ್ಲಿ ಉಳಿಯಲು ಒಂದು ಕಾರಣ ಹೆಚ್ಚುತ್ತದೆ. ಇಂಥ ಉಪಾಧ್ಯಾಯರನ್ನು ತಯಾರಿಸಲು ಕನ್ನಡ-ತೆಲುಗು, ಕನ್ನಡ-ಮಲಯಾಳಂ, ಕನ್ನಡ-ತಮಿಳು, ಕನ್ನಡ-ಮರಾಠಿ ಜೋಡಿಗಳಲ್ಲಿ ಮಕ್ಕಳ ಬರಹದ ಮಾದರಿಗಳನ್ನು ಸಂಗ್ರಹಿಸಿ, ಲಿಪಿಸಂಕ್ರಮಣದ ತಪ್ಪುಗಳನ್ನು ಪಟ್ಟಿಮಾಡಿ, ಕೈಪಿಡಿಗಳನ್ನು ರಚಿಸುವ ಕೆಲಸ ನಡೆಯಬೇಕಾಗಿದೆ. ಎರಡೂ ಭಾಷೆಗಳನ್ನು ಬಲ್ಲ ವಿದ್ವಾಂಸರು ಶಾಲೆಗಳೊಡನೆ ಕೂಡಿ ಕೈಗೊಳ್ಳಬಹುದಾದ ಕೆಲಸವಿದು.